ಬ್ರಿಸ್ಬೇನ್ ತಜ್ಞರಿಗೆ ನಾನು ಕಳಿಸಿದ ಚೀಟಿ

ವೇದಿಕೆಯ ಮೇಲೆ ಮಾತಾಡುವವರನ್ನು ಕೂರಿಸುವುದು ಒಂದು ವಿದ್ಯೆ. ಆ ವಿದ್ಯೆಯಲ್ಲಿ ಮೈಸೂರು ಸೀಮೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ಮಾಹಿತಿ.

ಮೂವತ್ತೈದು ವರ್ಷ ಖಜಾನೆ ಇಲಾಖೆಯಲ್ಲಿದ್ದೆ. ಇಲಾಖೆಯ ಯಾವ ಸಮಾರಂಭವಾದರೂ ಭಾಷಣಕಾರರಿಗೆ ಚೀಟಿ ಕಳಿಸುವ ಕೆಲಸ ನನ್ನದೇ. ‘ಸಮಯದ ಅಭಾವವಿದೆ’ ಎಂದರೆ ಸಣ್ಣ ಅಧಿಕಾರಿಗಳು ಕೂರುತ್ತಿದ್ದರು. ‘ದಯವಿಟ್ಟು ಮುಕ್ತಾಯಕ್ಕೆ ಬನ್ನಿ’ ಎಂದರೆ ದೊಡ್ಡ ಅಧಿಕಾರಿಗಳು. ಎರಡಕ್ಕೂ ಬಗ್ಗದ ಒಬ್ಬ ಮಾಜಿ ಶಾಸಕರಿಗೆ ‘ಊಟದ ಹಾಲ್‌ನಲ್ಲಿ ಹೋಳಿಗೆ ಖಾಲಿಯಾಗುತ್ತಿದೆ’ ಎಂದು ಬರೆದು ಕಳಿಸಿದೆ. ವಾಕ್ಯದ ನಡುವೆಯೇ ನಮಸ್ಕಾರ ಹೇಳಿ ಇಳಿದುಬಿಟ್ಟರು. ಅವತ್ತು ಹೋಳಿಗೆ ಮಾಡಿಸಿರಲೇ ಇಲ್ಲ.

ಇಂಥ ನನಗೆ, ಪರ್ತ್ ನಗರದ ಮಗಳ ಮನೆಗೆ ಬಂದಿದ್ದಾಗ, ಮಗಳು ಸುಧಾ ಅಲ್ಲಿನ ಥಾರ್ನ್ಲಿ ಸ್ಟೇಷನ್ನಿನಲ್ಲಿ ರೈಲು ಹತ್ತುವ ಮೊದಲೇ ತಾಕೀತು ಮಾಡಿದಳು.

“ಅಪ್ಪಾ, ಅಲ್ಲಿ ನೀವು ಬಾಯಿ ಬಿಡೋ ಹಾಗಿಲ್ಲ. ಹಿಂದಿನ ಸಾಲಲ್ಲಿ ಅಮ್ಮನ ಪಕ್ಕ ಕೂತಿರ್ಬೇಕು, ಅಷ್ಟೆ.”

“ಬಾಯಿ ಬಿಡಲ್ಲ ಪುಟ್ಟಿ,” ಎಂದೆ. ಬಿಡಲೂ ಇಲ್ಲ. ಸುಮಾರು ಮುಕ್ಕಾಲು ಗಂಟೆ.

ಸುಧಾ ಪರ್ತಿನಲ್ಲಿ ಸರ್ಕಾರದ ಹಣಕಾಸು ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಅಂದು ಸಿಟಿಯಲ್ಲಿ ಸಾರ್ವಜನಿಕ ಹಣಕಾಸು ಮತ್ತು ನಾಯಕತ್ವದ ಬಗ್ಗೆ ಸಮ್ಮೇಳನ. ಕೊನೆಯ ಗೋಷ್ಠಿಯಲ್ಲಿ ಮೂವರು. ಬ್ರಿಸ್ಬೇನಿನಿಂದ ಬಂದ ತಜ್ಞರಿಗೆ ಇಪ್ಪತ್ತು ನಿಮಿಷ, ಅಡಿಲೇಡಿನಿಂದ ಬಂದ ತಜ್ಞೆಗೆ ಇಪ್ಪತ್ತು, ಕೊನೆಗೆ ನಮ್ಮ ಸುಧಾಗೆ ಹತ್ತು. ಐದು ಗಂಟೆಗೆ ಗಂಟೆ ಹೊಡೆದರೆ ಹಾಲ್ ಖಾಲಿ ಮಾಡಬೇಕು. ಅವಳ ಮೇಲಧಿಕಾರಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಚೆನ್ನಾಗಿ ಮಾತಾಡಿದರೆ ಮುಂದಿನ ಸಮ್ಮೇಳನಕ್ಕೆ ಅಡಿಲೇಡಿಗೆ ಇವಳನ್ನೇ ಕಳಿಸುತ್ತಾರಂತೆ. ವೇದಿಕೆ ಹತ್ತುವುದು ಇದೇ ಮೊದಲು. ಎರಡು ವಾರ ಪಿಯಾರಾ ವಾಟರ್ಸ್ ಬಡಾವಣೆಯ ತನ್ನ ಅಡಿಗೆಮನೆಯಲ್ಲಿ ಸೌಟು ಹಿಡಿದು ಅಭ್ಯಾಸ ಮಾಡಿದ್ದಳು. ಮೊದಲ ಸಾಲಿನವರು ಮಿತಿ ಮೀರಿ ಖರ್ಚು ಮಾಡಿದರೆ ಕೊನೆಯ ಸಾಲಿನವರ ಪಾಲು ಹೇಗೆ ಕರಗಿಹೋಗುತ್ತದೆ ಎಂಬುದು ಅವಳ ವಿಷಯ. ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು.

ನಾಲ್ಕೂ ಹತ್ತಕ್ಕೆ ಗೋಷ್ಠಿ ಶುರುವಾಯಿತು. ಹಾರವಿಲ್ಲ, ಶಾಲಿಲ್ಲ, ಪೇಟವಿಲ್ಲ. ದೂರದಿಂದ ಬಂದ ತಜ್ಞರಿಗೆ ಒಂದೊಂದು ಲೋಟ ನೀರು! ನನಗೆ ಆಗಲೇ ಸಿಟ್ಟು ಬಂತು. ಆದರೆ ಒಂದು ವ್ಯವಸ್ಥೆ ಮಾತ್ರ ಮೆಚ್ಚುವಂತಿತ್ತು. ಪ್ರತಿ ಕುರ್ಚಿಯ ಮೇಲೂ ಹಳದಿ ಚೀಟಿಗಳ ಕಟ್ಟು, ಒಂದು ಪೆನ್ನು ಇಟ್ಟಿದ್ದರು. ಎಂಥ ದೂರದೃಷ್ಟಿ ಎಂದುಕೊಂಡೆ. ನಮ್ಮೂರಲ್ಲಿ ನಾನೊಬ್ಬನೇ ಹೊರುತ್ತಿದ್ದ ಜವಾಬ್ದಾರಿಯನ್ನು ಇಲ್ಲಿ ಇಡೀ ಸಭೆಗೇ ಹಂಚಿದ್ದಾರೆ.

ಬ್ರಿಸ್ಬೇನ್ ತಜ್ಞರು ಎದ್ದು ಆ ಚೀಟಿಗಳ ಬಗ್ಗೆ ಏನೋ ಹೇಳಿದರು. ನಾನು ಆಗ ಪೆಪ್ಪರ್‌ಮಿಂಟ್ ಬಿಡಿಸುತ್ತಿದ್ದೆ.

ಇಪ್ಪತ್ತು ನಿಮಿಷವಾಯಿತು. ಅವರು ಕೂರುವ ಲಕ್ಷಣವಿಲ್ಲ. ವೇದಿಕೆಯ ತುದಿಯಲ್ಲಿ ಸುಧಾ ಗಡಿಯಾರ ನೋಡಿಕೊಂಡಳು. ಹೆತ್ತ ಕರುಳು. ಪೆನ್ನಿನ ಮುಚ್ಚಳ ತೆಗೆದೆ.

“ರೀ, ಏನು ಬರೀತಿದೀರಿ?” ಎಂದಳು ಹೆಂಡತಿ ವಿಮಲಾ.

“ಬಾಯಿ ಬಿಡ್ಬೇಡಿ ಅಂದಿದ್ದಾಳೆ. ಕೈ ಬಗ್ಗೆ ಏನೂ ಅಂದಿಲ್ಲ.”

‘ಸಮಯದ ಅಭಾವವಿದೆ’ ಎಂದು ಮುತ್ತಿನಂಥ ಇಂಗ್ಲಿಷಿನಲ್ಲಿ ಬರೆದು, ಚೀಟಿ ಒಯ್ಯಲು ಓಡಾಡುತ್ತಿದ್ದ ಸ್ವಯಂಸೇವಕ ಹುಡುಗಿಯ ಕೈಗೆ ಕೊಟ್ಟೆ. ಅವಳು ಹೋಗಿ ತಜ್ಞರ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಸಭೆಗೆಲ್ಲ ಕೇಳುವಂತೆ ಓದಿದರು. ಮುಖ ಅರಳಿತು.

“ಬಹಳ ಆಳವಾದ ಪ್ರಶ್ನೆ. ಸರ್ಕಾರಗಳಿಗೆ ನಿಜಕ್ಕೂ ಸಮಯದ ಅಭಾವವಿದೆಯೇ?”

ಎಂಟು ನಿಮಿಷ ಉತ್ತರ ಕೊಟ್ಟರು.

ನನಗೆ ಮೈ ಉರಿದುಹೋಯಿತು. ಮೂವತ್ತೈದು ವರ್ಷದಲ್ಲಿ ನನ್ನ ಚೀಟಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ! ಎರಡನೆಯದನ್ನು ದೊಡ್ಡ ಅಕ್ಷರದಲ್ಲೇ ಬರೆದೆ: ‘ದಯವಿಟ್ಟು ಕನ್‌ಕ್ಲೂಷನ್ನಿಗೆ ಬನ್ನಿ.’

“ನನ್ನ ತೀರ್ಮಾನಗಳೇನು ಅಂತ ಕೇಳಿದ್ದಾರೆ,” ಎಂದರು ಬ್ರಿಸ್ಬೇನ್. “ಒಟ್ಟು ಐದಿವೆ.”

ಐದನ್ನೂ ಹೇಳಿದರು. ವಿಮಲಾ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಅದು ಪ್ರಶ್ನೆ ಬರೆಯೋ ಚೀಟಿ ಕಣ್ರೀ. ಬಂದ ಹಾಗೇ ಉತ್ತರ ಕೊಡ್ತೀನಿ ಅಂತ ಆವಾಗ್ಲೇ ಹೇಳ್ಲಿಲ್ವಾ?”

“ಪ್ರಶ್ನೆಗೂ ಆಜ್ಞೆಗೂ ವ್ಯತ್ಯಾಸ ಗೊತ್ತಾಗ್ದೇ ಇರೋರು ಎಂಥ ತಜ್ಞರು?”

ಅಡಿಲೇಡ್ ತಜ್ಞೆ ಎದ್ದಾಗ ಉಳಿದದ್ದು ಹದಿನಾಲ್ಕು ನಿಮಿಷ. ಪುಣ್ಯಾತ್ಮೆ, ಐದೇ ನಿಮಿಷದಲ್ಲಿ ಮುಗಿಸುತ್ತೇನೆ ಎಂದರು. ನಾನು ಸುಮ್ಮನಿದ್ದಿದ್ದರೆ ಮುಗಿಸುತ್ತಿದ್ದರೋ ಏನೋ. ಆದರೆ ಒಬ್ಬರ ಕೈಯಲ್ಲಿ ಮೋಸಹೋದವನು ಇನ್ನೊಬ್ಬರನ್ನು ನಂಬುತ್ತಾನೆಯೇ? ವಿಮಲಾ ಪೆನ್ನು ಕಿತ್ತುಕೊಳ್ಳುವ ಮೊದಲೇ ಪ್ರಶ್ನೆ ಎಂದು ಯಾರಿಗೂ ಅನ್ನಿಸದಂತೆ ಬರೆದು ಕಳಿಸಿದೆ: ‘ನಿಮ್ಮ ನಂತರದವರು ಕಾಯುತ್ತಿದ್ದಾರೆ.’

ಅವರು ಓದಿ ಚೀಟಿಯನ್ನು ಸಭೆಗೆ ಕಾಣುವಂತೆ ಎತ್ತಿ ಹಿಡಿದರು.

“ಹೌದು,” ಎಂದರು. “ನಮ್ಮ ನಂತರದ ಪೀಳಿಗೆ ಕಾಯುತ್ತಿದೆ. ನಾವು ಅವರಿಗೆ ಏನು ಉಳಿಸಿ ಹೋಗುತ್ತೇವೆ?”

ಏನನ್ನೂ ಉಳಿಸಲಿಲ್ಲ. ಐದು ನಿಮಿಷ ಬಿಟ್ಟರು, ಅಷ್ಟೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾನೂ ಎದ್ದು ನಿಂತಿದ್ದೆ. ಆದರೆ ಚಪ್ಪಾಳೆಗಲ್ಲ. ಉಳಿದವರು ಕೂತರು, ನಾನು ಕೂರಲಿಲ್ಲ. ಪ್ರಶ್ನೆ ಕೇಳಲು ನಿಂತಿದ್ದೇನೆ ಎಂದುಕೊಂಡು ಆ ಹುಡುಗಿ ಓಡಿಬಂದು ಕೈಗೆ ಮೈಕ್ ಕೊಟ್ಟಳು. ಮೈಕು ಕೈಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರಲು ನಾನೇನು ಋಷಿಯೇ?

“ಎರಡೇ ಎರಡು ಮಾತು,” ಎಂದೆ ಇಂಗ್ಲಿಷಿನಲ್ಲಿ. “ಇದು ಅನ್ಯಾಯ. ಹತ್ತು ನಿಮಿಷ ಕೊಡ್ತೀವಿ ಅಂತ ಹೇಳಿ ಕೊನೆಯ ಭಾಷಣಕಾರ್ತಿಗೆ ಐದು ನಿಮಿಷ ಉಳಿಸಿದ್ದೀರಿ. ನಾನು ಖಜಾನೆಯಲ್ಲಿದ್ದಾಗ...”

ಖಜಾನೆಯಲ್ಲಿದ್ದಾಗ ಮಾರ್ಚ್ ಕೊನೆಯ ದಿನ ಬಿಲ್ಲುಗಳನ್ನು ಹೇಗೆ ಪಾಸು ಮಾಡುತ್ತಿದ್ದೆವು ಎಂದು ಹೇಳಿದೆ. ಅದು ಅರ್ಥವಾಗಲೆಂದು ನಮ್ಮ ಹೆಡ್ ಕ್ಲರ್ಕ್ ಸ್ವಭಾವ ವಿವರಿಸಿದೆ. ಸಭೆ ನಕ್ಕಿತು. ನಕ್ಕರಲ್ಲ ಎಂದು ಹೋಳಿಗೆಯ ಪ್ರಸಂಗವನ್ನೂ ಎತ್ತಿಕೊಂಡೆ.

ಅಷ್ಟರಲ್ಲಿ ನನ್ನ ಕೈಗೆ ಒಂದು ಹಳದಿ ಚೀಟಿ ಬಂತು. ಕನ್ನಡದಲ್ಲಿತ್ತು. ಸುಧಾಳ ಅಕ್ಷರ.

‘ಅಪ್ಪಾ, ನೀವು ಮಾತಾಡ್ತಿರೋದು ನನ್ನ ಟೈಮಲ್ಲಿ.’

ಗಡಿಯಾರ ನೋಡಿದೆ. ಐದಕ್ಕೆ ಒಂದೇ ನಿಮಿಷವಿತ್ತು. ಜೀವಮಾನದಲ್ಲಿ ನನಗೆ ಬಂದ ಮೊದಲ ಚೀಟಿ ಅದು. ಏನು ಮಾಡಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಾಯಿ ತಾನಾಗಿಯೇ “ಕೊನೆಯದಾಗಿ ಒಂದೇ ಮಾತು...” ಎಂದಿತು. ವಿಮಲಾ ನನ್ನ ಕೋಟು ಹಿಡಿದು ಎಳೆದಳು. ಕೂತೆ.

ಸುಧಾ ಎದ್ದು ನಿಂತಳು. ಕೈಯಲ್ಲಿದ್ದ ಹಾಳೆಗಳನ್ನು ಮಡಿಸಿಟ್ಟಳು.

“ಮೊದಲಿನವರು ಮಿತಿ ಮೀರಿದರೆ ಕೊನೆಯವರ ಪಾಲಿಗೆ ಏನು ಉಳಿಯುತ್ತದೆ ಎಂಬುದು ನನ್ನ ವಿಷಯ. ಉದಾಹರಣೆಯನ್ನು ನೀವೆಲ್ಲ ಈಗ ನೋಡಿದಿರಿ. ಸಹಕರಿಸಿದ ಇಬ್ಬರು ತಜ್ಞರಿಗೂ ನಮ್ಮ ತಂದೆಗೂ ವಂದನೆಗಳು.”

ಗಂಟೆ ಹೊಡೆಯಿತು. ಚಪ್ಪಾಳೆ ಗಂಟೆಗಿಂತ ಜೋರಾಗಿತ್ತು.

ವಾಪಸ್ ರೈಲಿನಲ್ಲಿ ಮೂರು ಸ್ಟೇಷನ್ ಕಳೆಯುವವರೆಗೆ ಅವಳು ನನ್ನ ಮುಖ ನೋಡಲಿಲ್ಲ.

“ಎರಡು ವಾರ ಅಪ್ಪಾ,” ಎಂದಳು ಕೊನೆಗೆ. “ಎರಡು ವಾರ ಪ್ರಾಕ್ಟೀಸ್ ಮಾಡಿದ್ದೆ.”

ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಅವಳ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ.

“ನಿಮ್ಮ ಬಾಸ್ ಏನಂದ್ರು?” ಎಂದು ಮೆಲ್ಲಗೆ ಕೇಳಿದೆ.

“ಪೂರ್ತಿ ಭಾಷಣ ಅಡಿಲೇಡಲ್ಲಿ ಮಾಡ್ಬೇಕಂತೆ. ಟಿಕೆಟ್ ಅವ್ರೇ ಕೊಡ್ತಾರಂತೆ. ಒಂದು ಕಂಡಿಷನ್.”

“ಏನು?”

“ನಾನು ಒಬ್ಳೇ ಹೋಗ್ಬೇಕಂತೆ.”

ಕೇಳಿದಿರಾ ಈ ಅನ್ಯಾಯ? ಯಾರ ಚೀಟಿಗಳಿಂದ ಆ ಗೋಷ್ಠಿಗೆ ಜೀವ ಬಂತೋ ಅವನಿಗೇ ಬಹಿಷ್ಕಾರ!

“ಅಲ್ಲ ಪುಟ್ಟಿ, ನಾನು ಮಾಡಿದ್ದು ನಿನ್ನ ಟೈಮ್ ಉಳಿಸೋಕೆ. ಆ ಬ್ರಿಸ್ಬೇನೋರಿಗೆ ಮೊದಲೇ...” ಎಂದು ಶುರುಮಾಡಿದೆ.

ಎದುರು ಸೀಟಿನಲ್ಲಿ ವಿಮಲಾ ಕೈಚೀಲ ತೆರೆದಳು. ಹಳದಿ ಚೀಟಿಗಳ ಕಟ್ಟನ್ನು ಸಭೆಯಿಂದ ಎತ್ತಿಕೊಂಡೇ ಬಂದಿದ್ದಳು. ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದಳು.

ಅವಳು ಒಂದಕ್ಷರ ಬರೆಯುವ ಮೊದಲೇ ನಾನು ಮಾತು ನಿಲ್ಲಿಸಿದೆ. ಖಾಲಿ ಚೀಟಿಗೇ ಕೂತ ಭಾಷಣಕಾರ ನನ್ನ ಅನುಭವದಲ್ಲಿ ನಾನೊಬ್ಬನೇ.