ಉಣ್ಣೆ ಹಕ್ಕಿಗಳು ಎತ್ತ ನೋಡತಕ್ಕದ್ದು ಎಂಬ ಬಗ್ಗೆ

ಉಣ್ಣೆ ಅಲಂಕಾರ ವಸ್ತುಗಳ ಮೇಲ್ವಿಚಾರಣಾ ಕಚೇರಿ
(ಕೆಲಸದ ಕೋಣೆಯ ಮೂಲೆ, ಮೊದಲ ಮಹಡಿ)

ಸುತ್ತೋಲೆ ಸಂಖ್ಯೆ: ಉಅಮೇ/ಕಣ್ಣು/41

ವಿಷಯ: ಕೈಯಲ್ಲಿ ಹೆಣೆದು, ಬಿಸಿನೀರಿನಲ್ಲಿ ಉಜ್ಜಿ ಗಟ್ಟಿ ಮಾಡಿದ ಉಣ್ಣೆ ಹಕ್ಕಿಗಳಿಗೆ ಕಣ್ಣು, ಟೋಪಿ, ಬಾಲ ಹಾಗೂ ತೂಗುದಾರ ಜೋಡಿಸುವಾಗ ಪಾಲಿಸಬೇಕಾದ ಶಿಸ್ತಿನ ಕುರಿತು.

ಉಲ್ಲೇಖ:
1) ಸುತ್ತೋಲೆ ಸಂಖ್ಯೆ 38 (ಸುತ್ತೋಲೆಗಳನ್ನು ಇಡುವ ಕಪಾಟನ್ನು ತೇವದ ಗೋಡೆಯಿಂದ ಕಿಟಕಿಯ ಮುಂದಕ್ಕೆ ಸ್ಥಳಾಂತರಿಸಿದ ಬಗ್ಗೆ).
2) ಸುತ್ತೋಲೆ ಸಂಖ್ಯೆ 40 (ಹಕ್ಕಿಗಳ ಕೊಕ್ಕು ಮುಚ್ಚಿರತಕ್ಕದ್ದು ಎಂಬ ಬಗ್ಗೆ).
3) ಹಕ್ಕಿ ಕೊಂಡ ತಾಯಿಯೊಬ್ಬರ ಪತ್ರ.

ಪ್ರಸ್ತಾವನೆ:

ಈ ತಿಂಗಳ ಹನ್ನೊಂದನೆಯ ತಾರೀಖು ಬೆಳಿಗ್ಗೆ ಒಂಬತ್ತೂ ಕಾಲಕ್ಕೆ, ಕಣ್ಣು ಹೊಲಿಯುವ ದೊಡ್ಡಮ್ಮನವರು ತಮ್ಮ ಜಾಗದಲ್ಲಿ ಕುಳಿತು, ಹಿಂದಿನ ದಿನ ತಾವೇ ಹೊಲಿದ ಕಣ್ಣುಗಳನ್ನು ಬಿಚ್ಚುತ್ತಿದ್ದುದು ಕಂಡುಬಂದಿರುತ್ತದೆ. ಕತ್ತರಿಯ ತುದಿಯಿಂದ ದಾರ ಎತ್ತುವುದು, ಕತ್ತರಿಸುವುದು, ಕಪ್ಪು ಮಣಿಯನ್ನು ಸ್ಟೀಲ್ ಬಟ್ಟಲಿಗೆ ಹಾಕುವುದು. ಹನ್ನೊಂದು ಹಕ್ಕಿ, ಇಪ್ಪತ್ತೆರಡು ಮಣಿ. ಈ ಅವಧಿಯಲ್ಲಿ ಅವರು ಯಾರೊಂದಿಗೂ ಮಾತನಾಡಿರುವುದಿಲ್ಲ. ಮಣಿ ಬಟ್ಟಲಿಗೆ ಬೀಳುವ ಸದ್ದು ಮಾತ್ರ ಕೇಳಿಬಂದಿರುತ್ತದೆ. ಕೆಲಸದ ವೇಳೆಯಲ್ಲಿ ಮಾತನಾಡಬಾರದೆಂಬ ಸುತ್ತೋಲೆ ಸಂಖ್ಯೆ 12ಕ್ಕೆ ಈ ಮೌನವು ಅನುಗುಣವಾಗಿಯೇ ಇದ್ದರೂ, ಸದರಿಯವರು ಆ ಸುತ್ತೋಲೆಯನ್ನು ಹಿಂದೆಂದೂ ಪಾಲಿಸಿದವರಲ್ಲವಾದ್ದರಿಂದ, ಇದನ್ನು ಅನುಮಾನಾಸ್ಪದವೆಂದು ಪರಿಗಣಿಸಿ ವಿಚಾರಣೆ ಕೈಗೊಳ್ಳಲಾಯಿತು.

ವಿಚಾರಣೆಯಿಂದ ತಿಳಿದುಬಂದಿದ್ದೇನೆಂದರೆ, ಕಳೆದ ಮೂರು ತಿಂಗಳಿನಿಂದ ಈ ಕೋಣೆಯಲ್ಲಿ ತಯಾರಾದ ಹಕ್ಕಿಗಳಲ್ಲಿ ಕೆಲವಕ್ಕೆ ಮೆಳ್ಳೆಗಣ್ಣು ಬಂದಿದೆ. ಅದಕ್ಕೂ ಹಿಂದಿನ ಹತ್ತೊಂಬತ್ತು ವರ್ಷ ಹೀಗೆ ಆದದ್ದಿಲ್ಲ. ಹೆಣೆದ ಹಕ್ಕಿಯನ್ನು ಬಿಸಿನೀರು, ಸೋಪಿನಲ್ಲಿ ಉಜ್ಜಿದ ಮೇಲೆ ಉಣ್ಣೆ ಕುಗ್ಗಿ ಹೆಣಿಗೆಯ ಸಾಲುಗಳು ಮುಚ್ಚಿಹೋಗುತ್ತವೆ. ಹೊಟ್ಟೆಗೆ ಹತ್ತಿ ತುಂಬುವ ಮೊದಲು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರೆ ಆ ಸಾಲುಗಳು ಮಸುಕಾಗಿ ಕಾಣುತ್ತವೆ. ನಡುಸಾಲಿನಿಂದ ಅತ್ತ ಮೂರು, ಇತ್ತ ಮೂರು ಎಣಿಸಿ ಕಣ್ಣಿಡುವುದು ದೊಡ್ಡಮ್ಮನವರ ಪದ್ಧತಿ. ಈ ಪದ್ಧತಿಗೆ ಯಾವುದೇ ಲಿಖಿತ ಆದೇಶ ಇರುವುದಿಲ್ಲ.

ಕಾರಣ ಪತ್ತೆಹಚ್ಚಲು ಮೇಲ್ವಿಚಾರಕರು ಮತ್ತು ಹಕ್ಕಿಗಳನ್ನು ಡಬ್ಬಕ್ಕೆ ತುಂಬುವ ಡಬ್ಬದ ಅಣ್ಣ, ಇವರಿಬ್ಬರ ಸಮಿತಿಯನ್ನು ರಚಿಸಲಾಯಿತು. ಸಮಿತಿಯು ಕಿಟಕಿಯ ಮುಂದಿನ ಕಪಾಟಿಗೆ ಬೆನ್ನು ಕೊಟ್ಟು ಕುಳಿತು, ಎದುರಿಗೆ ಕಾಣುವ ಸಮಸ್ತವನ್ನೂ ಟಾರ್ಚ್ ಹಾಕಿ ಪರಿಶೀಲಿಸಿದೆ. ಉಣ್ಣೆ, ಸೋಪು, ನೀರಿನ ಬಿಸಿ, ಸೂಜಿಯ ಮೊನೆ, ಮಣಿಯ ದುಂಡು ಇವುಗಳಲ್ಲಿ ದೋಷ ಕಂಡುಬಂದಿಲ್ಲ. "ಕುಣಿಯಲಾರದವಳಿಗೆ ನೆಲ ಡೊಂಕು" ಎಂದು ಮೇಲ್ವಿಚಾರಕರು ನುಡಿದದ್ದನ್ನು ಡಬ್ಬದ ಅಣ್ಣ ಆದೇಶವೆಂದು ಭಾವಿಸಿ, ನೆಲದ ಮೇಲೆ ಗೋಲಿ ಉರುಳಿಸಿ ನೋಡಲಾಗಿ, ನೆಲವು ಅರ್ಧ ಬೆರಳು ಡೊಂಕಿರುವುದು ನಿಜವೆಂದು ಸಾಬೀತಾಯಿತು. ಮೇಜಿನ ಕಾಲಿನ ಕೆಳಗೆ ಸುತ್ತೋಲೆ ಸಂಖ್ಯೆ 19ನ್ನು ಮಡಚಿ ಇಡಲಾಗಿದೆ. ಮೆಳ್ಳೆಗಣ್ಣು ಮುಂದುವರಿದಿದೆ.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಇನ್ನು ಮುಂದೆ ಎಲ್ಲಾ ಉಣ್ಣೆ ಹಕ್ಕಿಗಳು ನೇರವಾಗಿ ನೋಡತಕ್ಕದ್ದು. ಹಕ್ಕಿಯನ್ನು ಮೇಜಿನ ಮೇಲಿಟ್ಟಾಗ ಅದು ಎದುರು ಕುಳಿತ ಮೇಲ್ವಿಚಾರಕರನ್ನು ನೋಡುತ್ತಿದ್ದರೆ ಉತ್ತೀರ್ಣ. ಅವರ ಹಿಂದೆ ನಿಂತವರನ್ನು ನೋಡುತ್ತಿದ್ದರೆ ಅನುತ್ತೀರ್ಣ. ಅವರನ್ನೇ ನೋಡುತ್ತಿದ್ದು, ನೋಟದಲ್ಲಿ ತಾತ್ಸಾರವಿದ್ದರೆ ನಮೂನೆ 'ಗ'ದಲ್ಲಿ ಪ್ರತ್ಯೇಕವಾಗಿ ವರದಿ ಮಾಡತಕ್ಕದ್ದು.

2. ಒಂದು ಕಣ್ಣು ಗಡಿಯಾರದ ಕಡೆಗೂ ಇನ್ನೊಂದು ಬಾಗಿಲಿನ ಕಡೆಗೂ ತಿರುಗಿರುವ ಹಕ್ಕಿಯನ್ನು, ಮನೆಗೆ ಹೊರಡುವ ಹೊತ್ತು ಕಾಯುತ್ತಿರುವ ಹಕ್ಕಿ ಎಂದು ತಿಳಿದು, ಕೊನೆಯ ಪಾಳಿಯವರೆಗೆ ಮೇಜಿನ ಮೇಲೆಯೇ ಕೂರಿಸಲಾಗುವುದು.

3. ಜೋಡಿ ಹಕ್ಕಿಗಳನ್ನು ಒಂದೇ ದಾರಕ್ಕೆ ಕಟ್ಟುವಾಗ ಅವು ಪರಸ್ಪರ ನೋಡಿಕೊಳ್ಳಬಾರದು. ಕೆಲಸದ ವೇಳೆಯ ಹರಟೆಗೆ ಇದು ಪ್ರೇರಣೆಯಾಗುತ್ತದೆಂದು ಗಮನಕ್ಕೆ ಬಂದಿದೆ.

4. ಟೋಪಿಯ ಬಗ್ಗೆ: ಉಣ್ಣೆ ಉಜ್ಜುವ ಸೋಪಿನ ಅಕ್ಕ ಕಳೆದ ವಾರ ತಮ್ಮ ಊಟದ ಬಿಡುವಿನಲ್ಲಿ ಒಂಬತ್ತು ಕೆಂಪು ಟೋಪಿಗಳನ್ನು ಹೆಣೆದು, ಮೆಳ್ಳೆಗಣ್ಣಿನ ಹಕ್ಕಿಗಳಿಗೆ ಹುಬ್ಬು ಮುಚ್ಚುವಂತೆ ತೊಡಿಸಿ, ಡಬ್ಬಕ್ಕೆ ಸಾಗಿಸಿರುತ್ತಾರೆ. ವಿಚಾರಿಸಲಾಗಿ, "ಚಳಿ ಸಾರ್, ಪಾಪ" ಎಂದು ಉತ್ತರಿಸಿರುತ್ತಾರೆ. ಹಕ್ಕಿಗೆ ಮೈತುಂಬಾ ಉಣ್ಣೆ ಇರುವುದರಿಂದ ಈ ವಿವರಣೆ ತೃಪ್ತಿಕರವಾಗಿಲ್ಲ. ಇನ್ನು ಮುಂದೆ ಟೋಪಿಯ ಅಂಚು ಕಣ್ಣಿನಿಂದ ಒಂದು ಬೆರಳು ಮೇಲಿರಬೇಕು. ಬೆರಳು ಮೇಲ್ವಿಚಾರಕರದ್ದಾಗಿರಬೇಕು. ಅವರು ರಜೆಯಲ್ಲಿದ್ದರೆ ಟೋಪಿ ಹಾಕುವಂತಿಲ್ಲ.

5. ಫ್ಯಾನಿನ ಗಾಳಿಗೆ ತೂಗುಹಕ್ಕಿಗಳು ತಿರುಗಿ ಮೇಲ್ವಿಚಾರಕರಿಗೆ ಬೆನ್ನು ತೋರಿಸುತ್ತಿರುವುದು ಶಿಸ್ತಿನ ಉಲ್ಲಂಘನೆ. ಹಕ್ಕಿಗಳಿಗೆ ತಿಳಿಹೇಳುವುದು ಸಾಧ್ಯವಿಲ್ಲದ್ದರಿಂದ ಫ್ಯಾನನ್ನು ನಿಲ್ಲಿಸಲಾಗಿದೆ. ಸೆಕೆಯಾದವರು ಲಿಖಿತವಾಗಿ ಸೆಕೆಯಾಗಬಹುದು.

6. ಹಕ್ಕಿಯನ್ನು ಬೆಳಕಿಗೆ ಎತ್ತಿ ಹಿಡಿಯುವುದನ್ನು ನಿಷೇಧಿಸಲಾಗಿದೆ. ಕಪಾಟು ಕಿಟಕಿಗೆ ಅಡ್ಡ ಬಂದ ಮೇಲೆ ಈ ಕೋಣೆಯಲ್ಲಿ ಬೆಳಕೆಂದರೆ ಮೇಲ್ವಿಚಾರಕರ ಮೇಜಿನ ಮೇಲಿನ ಮಂದ ಟ್ಯೂಬ್‌ಲೈಟ್ ಒಂದೇ. ದೊಡ್ಡಮ್ಮನವರು ದಿನಕ್ಕೆ ಹದಿನೈದು ಸಲ ಎದ್ದು ಬಂದು, ಕುಳಿತವರ ಮುಖದ ಮುಂದೆ ಕಣ್ಣಿಲ್ಲದ ಹಕ್ಕಿಯನ್ನು ಹಿಡಿದು, ತುಟಿ ಅಲುಗಿಸುತ್ತಾ ನಿಲ್ಲುತ್ತಿದ್ದರು. ಅವರು ಸಾಲು ಎಣಿಸುತ್ತಿದ್ದರೆಂದು ಈಗ ಹೇಳಲಾಗುತ್ತಿದೆ. ಶಪಿಸುತ್ತಿದ್ದರೆಂದು ಆಗ ಭಾವಿಸಲಾಗಿತ್ತು. ಯಾವುದೇ ಇರಲಿ, ಸ್ವಸ್ಥಾನದಲ್ಲಿ ಕುಳಿತೇ ಹೊಲಿಯತಕ್ಕದ್ದು.

7. ಕೋಣೆಯಲ್ಲಿ ಈ ಕೆಳಕಂಡ ಮಾತುಗಳನ್ನು ಆಡಬಾರದೆಂದು ಈ ಮೂಲಕ ಸೂಚಿಸಲಾಗಿದೆ. ಮಾತುಗಳನ್ನು ಆಡಿದ ಹಾಗೆಯೇ ದಾಖಲಿಸಲಾಗಿದೆ:

(ಅ) "ಕಪಾಟಿಗೆ ಗಾಳಿ ಬೆಳಕು ಬೇಕಂತೆ ಕಣಮ್ಮ, ನಾವೇನು ಕಾಗದವಾ?" (ಸೋಪಿನ ಅಕ್ಕ)

(ಆ) "ನನ್ನನ್ನ ಕೇಳಬೇಡ್ರಪ್ಪ, ನಾನು ಬರೀ ಡಬ್ಬ. ಕೊಟ್ಟಿದ್ದು ತುಂಬ್ತೀನಿ, ಮುಚ್ಚಳ ಹಾಕ್ತೀನಿ." (ಡಬ್ಬದ ಅಣ್ಣ. ಸಮಿತಿಯ ಸದಸ್ಯರಾದ ಮೇಲೆಯೂ ಇದನ್ನೇ ಹೇಳಿರುತ್ತಾರೆ.)

(ಇ) "ಕತ್ತಲಲ್ಲಿ ಕಣ್ಣಿಟ್ಟರೆ ಹಕ್ಕಿ ಏನ್ ಮಾಡುತ್ತೆ ಪಾಪ. ಒಂದು ಕಣ್ಣಲ್ಲಿ ನನ್ನನ್ನ ನೋಡುತ್ತೆ, ಇನ್ನೊಂದರಲ್ಲಿ ಬೆಳಕು ಎಲ್ಲಿ ಹೋಯ್ತು ಅಂತ ಹುಡುಕುತ್ತೆ." (ದೊಡ್ಡಮ್ಮ)

(ಈ) ಮೇಲಿನ ಮಾತಿಗೆ ನಗುವುದು.

8. ಉಲ್ಲೇಖ (3)ರ ಪತ್ರದಲ್ಲಿ, ತಮ್ಮ ಮಗು ಬುಟ್ಟಿಯಲ್ಲಿದ್ದ ಹಕ್ಕಿಗಳಲ್ಲೆಲ್ಲ ಮೆಳ್ಳೆಗಣ್ಣಿನದನ್ನೇ ಆರಿಸಿಕೊಂಡಿತೆಂದೂ, "ಇದು ನಾನು ಎಲ್ಲಿ ಮಲಗಿದ್ರೂ ನನ್ನೇ ನೋಡುತ್ತೆ" ಎಂದು ಹೇಳಿತೆಂದೂ, ಅಂಥದ್ದೇ ಇನ್ನೊಂದನ್ನು ಮಗುವಿನ ತಂಗಿಗಾಗಿ ಕಳಿಸಬೇಕೆಂದೂ ತಾಯಿಯೊಬ್ಬರು ಕೋರಿರುತ್ತಾರೆ. ಮೆಚ್ಚುಗೆಗೆ ಪ್ರತ್ಯೇಕ ಕಡತ ಇಲ್ಲದ ಕಾರಣ ಇದನ್ನು ದೂರು ಎಂದು ದಾಖಲಿಸಿ, ದೊಡ್ಡಮ್ಮನವರ ಹೆಸರಿಗೆ ಸೇರಿಸಲಾಗಿದೆ.

9. ಮೂವತ್ತು ಮೆಳ್ಳೆಗಣ್ಣಿನ ಹಕ್ಕಿಗಳಾದ ದಿನ ದೊಡ್ಡಮ್ಮನವರು ಸೂಜಿ, ಬೆರಳಟೋಪಿ, ಕತ್ತರಿ ಮತ್ತು ಸ್ಟೀಲ್ ಬಟ್ಟಲನ್ನು ಒಪ್ಪಿಸಿ, ಮನೆಯಲ್ಲಿ ವಿಶ್ರಾಂತಿ ಪಡೆಯತಕ್ಕದ್ದು. ಈ ಸುತ್ತೋಲೆಯ ದಿನದವರೆಗೆ ಇಪ್ಪತ್ತೆಂಟು ಆಗಿರುತ್ತದೆ. ಕಣ್ಣು ಬಿಚ್ಚಿದ ಹಕ್ಕಿಗಳನ್ನೂ ಲೆಕ್ಕಕ್ಕೆ ಹಿಡಿಯಲಾಗಿದೆ. ಬಟ್ಟಲು ತಮ್ಮ ಸ್ವಂತದ್ದೆಂದೂ, ತಮ್ಮ ಅಮ್ಮನದ್ದೆಂದೂ ಅವರು ಹೇಳಿಕೊಂಡಿದ್ದು, ತಳದಲ್ಲಿ ಕೆತ್ತಿಸಿದ ಹೆಸರನ್ನು ಓದಲು ಪ್ರಯತ್ನಿಸಲಾಯಿತು. ಬೆಳಕು ಸಾಲದೆ ಓದಲಾಗಲಿಲ್ಲ. ಆದ್ದರಿಂದ ಬಟ್ಟಲು ಕಚೇರಿಯದ್ದೆಂದು ತೀರ್ಮಾನಿಸಲಾಗಿದೆ.

10. ಕಪಾಟಿನ ಬಗ್ಗೆ ಮೌಖಿಕವಾಗಿ ಬಂದ ಸಲಹೆಗಳನ್ನು ಪರಿಶೀಲಿಸಲಾಗಿದೆ. ಕಪಾಟನ್ನು ಸರಿಸಲು ಅನುಮತಿ ಬೇಕು. ಅನುಮತಿಯ ನಮೂನೆಯು ಕಪಾಟಿನ ಹಿಂಬದಿಗೆ ಬಿದ್ದಿದೆ. ಅದನ್ನು ತೆಗೆಯಲು ಕಪಾಟನ್ನು ಸರಿಸಬೇಕಾಗುತ್ತದೆ. ಹೀಗಾಗಿ ಈ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ.

11. ದೊಡ್ಡಮ್ಮನವರು ಕೋಣೆಯ ಎಲ್ಲರಿಗೂ ದೊಡ್ಡಮ್ಮ. ದಾರ ಸುತ್ತುವ ಹುಡುಗಿಗೆ ಮಾತ್ರ ತಾಯಿಯ ಅಕ್ಕ, ಹಾಗೂ ಒಂದೇ ಮನೆ. ಸದರಿ ಹುಡುಗಿ ಏಳನೆಯ ತರಗತಿಗೇ ಶಾಲೆ ಬಿಟ್ಟವಳಾದರೂ ಅಕ್ಷರ ದುಂಡಗಿದೆ, ಎದುರು ಮಾತನಾಡುವುದಿಲ್ಲ ಎಂಬ ಕಾರಣಕ್ಕೆ ಸುತ್ತೋಲೆಗಳನ್ನು ಬರೆಯುವ ಕೆಲಸ ಅವಳಿಗೆ ವಹಿಸಲಾಗಿದೆ. ಕಲಂ 9ನ್ನು ಬರೆಯುವಾಗ ಅವಳು ಲೇಖನಿಯನ್ನು ಕಾಗದದಿಂದ ಎತ್ತಿದ್ದಕ್ಕೆ, "ಹೇಳಿದಷ್ಟು ಬರಿಯಮ್ಮ, ನಿನ್ನ ಕೈಯಲ್ಲೇನಿದೆ" ಎಂದು ಮೌಖಿಕ ಸೂಚನೆ ನೀಡಲಾಗಿದೆ. ಕಲಂ 9ರವರೆಗೆ ಹೇಳಿದಷ್ಟನ್ನೇ ಬರೆಯಲಾಗಿದೆ. ನಂತರ ಮೇಲ್ವಿಚಾರಕರು ಕಾಫಿಗೆ ಎದ್ದು ಹೋಗಿದ್ದು, ಉಳಿದ ಕಲಂಗಳನ್ನು ರೂಢಿಯಂತೆ ತುಂಬಿಕೊಳ್ಳಲು ತಿಳಿಸಿರುತ್ತಾರೆ.

12. ಹಿಂದಿನ ನಲವತ್ತು ಸುತ್ತೋಲೆಗಳನ್ನು, ಸಹಿ ಮಾಡಿದವರೂ ಸೇರಿದಂತೆ, ಯಾರೂ ಕೊನೆಯವರೆಗೆ ಓದಿಲ್ಲವೆಂದು ಗಮನಿಸಲಾಗಿದೆ. ಇದನ್ನಾದರೂ ಓದತಕ್ಕದ್ದು.

13. ಈ ಆದೇಶವು ಸೋಮವಾರದಿಂದ ಜಾರಿಗೆ ಬರುತ್ತದೆ. ಸೋಮವಾರಕ್ಕೆ ದೊಡ್ಡಮ್ಮನವರ ಮುಂದೆ ಹದಿನಾಲ್ಕು ಹಕ್ಕಿಗಳು ಕಣ್ಣಿಗಾಗಿ ಕಾದಿರುತ್ತವೆ.

ಸಹಿ/-
ಮೇಲ್ವಿಚಾರಕರು

(ಮಬ್ಬಿನಲ್ಲಿ ಗೆರೆ ಕಾಣದೆ ಸಹಿಯು ಎರಡು ಬೆರಳು ಬಲಕ್ಕೆ ಹೋಗಿ, ದಿನಾಂಕದ ಮೇಲೆ ಬಿದ್ದಿರುತ್ತದೆ. ಇದನ್ನು ನೇರವಾಗಿದೆ ಎಂದೇ ಓದಿಕೊಳ್ಳತಕ್ಕದ್ದು.)

ಪ್ರತಿಗಳು:

1. ಸೋಪಿನ ಅಕ್ಕ: ಕೈ ಒರೆಸಿಕೊಂಡು ಓದಲು. ಉಳಿದಿರುವ ಕೆಂಪು ಉಣ್ಣೆಯನ್ನು ಹಿಂದಿರುಗಿಸಲು.

2. ಡಬ್ಬದ ಅಣ್ಣ: ಮಾಹಿತಿಗಾಗಿ. ಹಕ್ಕಿಗಳ ಕೆಳಗೆ ಹಾಸಲು ಅಲ್ಲ.

3. ಪತ್ರ ಬರೆದ ತಾಯಿ: ತಮ್ಮ ಎರಡನೆಯ ಮಗುವಿಗೆ ಇನ್ನೊಂದು ಮೆಳ್ಳೆಗಣ್ಣಿನ ಹಕ್ಕಿ ಬೇಕಿದ್ದಲ್ಲಿ, ಅದರಿಂದ ಒಬ್ಬರ ಲೆಕ್ಕ ಇಪ್ಪತ್ತೊಂಬತ್ತಾಗುತ್ತದೆ ಎಂಬುದನ್ನು ತಿಳಿದು ಮುಂದುವರಿಯಲು.

4. ದೊಡ್ಡಮ್ಮ: ಅಕ್ಷರ ಕಾಣದ ಕಾರಣ ಓದಿ ಹೇಳಲಾಗಿದೆ. "ಹೂಂ" ಎಂದಿರುತ್ತಾರೆ. ಆಮೇಲೆ, "ಬರಹ ಚೆನ್ನಾಗಿದೆ ಕಣೇ" ಎಂದಿರುತ್ತಾರೆ.

5. ಕಪಾಟು, ಮೇಲಿನಿಂದ ಎರಡನೆಯ ಅರೆ: ಶಾಶ್ವತ ದಾಖಲೆಗಾಗಿ.

6. ಇಲ್ಲಿಯವರೆಗೆ ಓದಿದವರಿಗೆ: ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಬಾಗಿಲು ತೆಗೆದ ಕೂಡಲೇ, ಯಾರಾದರೂ ಒಬ್ಬರು ಬಂದು ಕಪಾಟಿನ ಆ ಕಡೆಯ ತುದಿ ಹಿಡಿದುಕೊಳ್ಳಿ. ಎರಡು ಅಡಿ ಎಡಕ್ಕೆ ಸರಿದರೆ ಸಾಕು. ನಿನ್ನೆಯೂ ಮೊನ್ನೆಯೂ ದೂಡಿ ನೋಡಿದೆ. ಒಬ್ಬಳಿಂದ ಆಗುತ್ತಿಲ್ಲ.