ಬಂದ್ ಮಾಡುವ ಮಾವ

ನಮ್ಮ ಚಿಕ್ಕಮಾವನವರು ಸಂಡೂರಿನಲ್ಲಿ ಕೂತಲ್ಲೇ ಒಂದು ಬೆರಳು ಆಡಿಸಿ ಕಂಪ್ಲಿ, ವಡ್ಡು, ಕುರೆಕುಪ್ಪ ಮೂರೂ ಊರಿನ ಕೆಲಸವನ್ನು ಒಮ್ಮೆಗೇ ನಿಲ್ಲಿಸಬಲ್ಲರು! ಮಂತ್ರಿಗಳಲ್ಲ, ಮಂತ್ರವಾದಿಗಳೂ ಅಲ್ಲ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಅವರಿಗಿರುವುದು ಒಂದೇ ಚಟ: ಎದ್ದು ಹೋಗುವಾಗ ಸ್ವಿಚ್ಚು ಆರಿಸುವುದು.

ಒಳ್ಳೆಯದೇ ಅಲ್ಲವೇ? ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಆಗಿದ್ದರೆ ಪದಕವನ್ನೇ ಕೊಡುತ್ತಿದ್ದರು. ಆದರೆ ಮಾವ ಬಂದು ಹೋದ ದಿನ ನಮ್ಮ ಫ್ರಿಜ್ಜೂ ಆರಿರುತ್ತದೆ! ಒಂದು ಮದುವೆಯಲ್ಲಿ ತಮ್ಮ ಊಟ ಮುಗಿಸಿ ಎದ್ದವರು, ಇನ್ನೂ ಹೋಳಿಗೆಗೆ ಕಾದು ಕೂತಿದ್ದ ಇಡೀ ಸಾಲಿನ ಫ್ಯಾನುಗಳನ್ನು ಬಂದ್ ಮಾಡಿ ಕೈ ತೊಳೆಯಲು ನಡೆದರು. "ಯಾರಲೇ ಅದು?" ಎಂದು ಬೀಗರು ಗುಡುಗಿದರೆ ಮಾವ ಶಾಂತವಾಗಿ, "ಉಂಡಾತಲ್ರಿ!" ಎಂದರು.

ಇಂಥವರನ್ನು ನಮ್ಮವರು ಕೆಲಸಕ್ಕೆ ಇಟ್ಟುಕೊಂಡರು. ನಮ್ಮವರದು ಮನೆ ಪ್ಲಾನ್ ಬರೆದುಕೊಡುವ ಪುಟ್ಟ ಆಫೀಸು. ಹೊಸಪೇಟೆಯ ನಮ್ಮ ಮನೆಯ ಸ್ಟೋರ್ ರೂಮಿನಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಒಂದು ದೊಡ್ಡ ಕಂಪ್ಯೂಟರ್, ಅದೇ ಸರ್ವರ್. ಕೆಲಸ ಮಾಡುವವರು ಕಂಪ್ಲಿ, ವಡ್ಡು, ಕುರೆಕುಪ್ಪ, ಸಂಡೂರು ಎಂದು ತಮ್ಮ ತಮ್ಮ ಊರಲ್ಲೇ ಕೂತು, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಬಂದು ಪ್ಲಾನ್ ಬರೆಯುತ್ತಾರೆ. ಮಷೀನು ಒಂದೇ, ಹಂಚಿಕೊಳ್ಳುವವರು ನಾಲ್ವರು. ಮಾವನದು ತಪ್ಪು ತಿದ್ದುವ ಕೆಲಸ.

ಮೊದಲ ದಿನವೇ ಮಾವ ಕೆಲಸ ಮುಗಿಸಿ, ಸುಮ್ಮನೆ ಹೊರಬರುವ ಬದಲು ಬಂದ್ ಮಾಡಿಬಿಟ್ಟರು. ಸಂಡೂರಿನ ಮಷೀನನ್ನಲ್ಲ, ನಮ್ಮ ಭರಣಿ ಪಕ್ಕದ್ದನ್ನು! ಕೂಡಲೇ ಕಂಪ್ಲಿಯ ಹುಡುಗಿಯ ಫೋನು: "ಅಕ್ಕಾ, ನಾ ಬರ್ದಿದ್ದ ಪ್ಲಾನಿನ ಮೆಟ್ಲೆಲ್ಲಾ ಹೋದ್ವು!"

ನಮ್ಮವರು ತಾಳ್ಮೆಯಿಂದ ತಿಳಿಸಿದರು. "ಕಾಕಾ, ಅದು ಹಂಪಿಗೆ ಹೋಗೋ ಶೇರ್ ಆಟೋ ಇದ್ದಂಗ. ಕಮಲಾಪುರದಾಗ ಇಳಿಯೋರು ಸುಮ್ನ ಇಳೀಬೇಕು. ಚಾವಿ ಕಿತ್ಕೊಂಡು ಹೋಗಬಾರ್ದು!"

"ಹಂಗಂತೀ?" ಎಂದರು ಮಾವ. ಆ ವಾರದಲ್ಲೇ ಇನ್ನೂ ಮೂರು ಸಲ ಚಾವಿ ಕಿತ್ತರು.

"ಇನ್ನ ಕಾಕಾನ ಕೆಲ್ಸದಿಂದ ಬಿಡಿಸ್ಬೇಕು" ಎಂದರು ನಮ್ಮವರು. ಹತ್ತಕ್ಕೆ ಶುರುವಾಗುವ ಕೆಲಸಕ್ಕೆ ಎಂಟಕ್ಕೇ ಇಸ್ತ್ರಿ ಅಂಗಿ ತೊಟ್ಟು ಕೂರುವ ಮನುಷ್ಯರಿಗೆ ಹಾಗೆನ್ನುವುದು ಹೇಗೆ? "ಅವ್ರಿಗಂತ ಬ್ಯಾರೆ ಮಷೀನ್ ಇಡ್ರಿ" ಎಂದೆ.

ಬಂತು ನೋಡಿ, ಭರಣಿಯ ಇನ್ನೊಂದು ಪಕ್ಕಕ್ಕೆ ಡೆಡಿಕೇಟೆಡ್ ಸರ್ವರ್! ಮಾವನೊಬ್ಬರಿಗೇ ಮೀಸಲು. ಸಂಜೆ ಎಷ್ಟು ಬೇಕಾದರೂ ಬಂದ್ ಮಾಡಲಿ! ಆದರೆ ಬೆಳಿಗ್ಗೆ ಚಾಲೂ ಮಾಡುವವರು? ಸಂಡೂರಿನಿಂದ ಬೆರಳು ಅಷ್ಟು ಉದ್ದ ಚಾಚುತ್ತದೆಯೇ? ಹಾಲು ಕಾಯಿಸುವ ಮೊದಲು ಗುಂಡಿ ಒತ್ತುವ ಕೆಲಸ ನನಗೆ ಬಂತು.

ನಾಲ್ಕನೆಯ ದಿನ ಮಾವ ತಮ್ಮ ಮಷೀನಿನೊಳಗೆ ಬರಲೇ ಇಲ್ಲ. ಫೋನ್ ಮಾಡಿದೆ. "ಮಷೀನ್ ನಿಧಾನ ಆಗೈತೇನ್ರಿ ಮಾವ?"

"ಇಲ್ಲವ್ವಾ, ಭಾಳ ಜೋರೈತಿ. ಆದ್ರ ಒಳಗ ಯಾರೂ ಇಲ್ಲ."

"ಅಂದ್ರ?"

"ಆ ಹಳೇದ್ರಾಗ ಒಳಗಿದ್ದೋರ ಹೆಸರು ಪಟ್ಟಿಯೊಳಗ ಕಾಣ್ತಿದ್ವು. ಕಂಪ್ಲಿ ಹುಡುಗಿ ಬಂದ್ಲು, ವಡ್ಡಿನಾವ ಬಂದ ಅಂತ ನೋಡ್ಕೋತ ಚಾ ಕುಡೀತಿದ್ದೆ. ಇದ್ರಾಗ ನಂದೊಂದ ಹೆಸರು. ಒಂದ ಎಲಿ ಹಾಕಿ ಮದುವಿ ಊಟ ಬಡಿಸಿದಂಗ ಆಗೈತಿ."

ಮಾವ ಹಳೆಯದಕ್ಕೇ ಮರಳಿದರು. ನಮ್ಮವರು ಮಾವನ ಪರದೆಯಿಂದ ಬಂದ್ ಮಾಡುವ ಗುಂಡಿಯನ್ನೇ ತೆಗೆಯಲು ಹೊರಟಿದ್ದರು. ನಾನು, "ಇವತ್ತೊಂದಿನ ಇರ್ಲಿ ಬಿಡ್ರಿ" ಎಂದೆ.

ಸಂಜೆ ಸ್ಟೋರ್ ರೂಮಿಗೆ ಹೋಗಿ ಸರ್ವರಿನ ಪರದೆಯ ಮುಂದೆ ನಿಂತೆ. ಮಾವನ ಕೆಲಸ ಐದಕ್ಕೇ ಮುಗಿದಿತ್ತು. ಹೆಸರು ಮಾತ್ರ ಹಾಗೇ ಇತ್ತು. ಕುರೆಕುಪ್ಪದವರ ಹೆಸರು ಹೋಯಿತು. ವಡ್ಡಿನದು ಹೋಯಿತು. ಕಂಪ್ಲಿಯ ಹುಡುಗಿ ತನ್ನ ಮೆಟ್ಟಿಲನ್ನೆಲ್ಲ ಮುಗಿಸಿ ಆರೂವರೆಗೆ ಎದ್ದಳು. ಪಟ್ಟಿಯಲ್ಲಿ ಮಾವ ಒಬ್ಬರೇ.

ಫೋನು ಬಡಿಯಿತು.

"ಎಲ್ರೂ ಉಂಡೆದ್ರವ್ವಾ. ಈಗ ಬಂದ್ ಮಾಡ್ಲೇನು?"



"ಮಾಡ್ರಿ ಮಾವ. ಮುಂಜಾನೆ ನಾ ಹಚ್ತೀನಿ."