ಕೋಳಿಯ ದೃಢೀಕೃತ ಚಿತ್ರ

ಚಿತ್ರವೆಂಬುದು ಅಸಲು ವಸ್ತುವಿನ ನಕಲಾಗಿದ್ದು, ಯಾವುದೇ ನಕಲನ್ನು ಅಧಿಕಾರಿಯ ದೃಢೀಕರಣವಿಲ್ಲದೆ ಸರಕಾರಿ ಕೆಲಸಕ್ಕೆ ಬಳಸತಕ್ಕದ್ದಲ್ಲ. ೧೯೭೮ರಲ್ಲಿ ಕುಮಟಾ ಕಡೆಯ ಶಾಲೆಗಳಿಗೆ ಇಂಗ್ಲಿಷ್ ಶಬ್ದ ಕಲಿಸುವ ಬಣ್ಣದ ಚಿತ್ರಗಳು ಬಂದಾಗ ಈ ಸರಳ ಸತ್ಯ ಹೊಳೆದದ್ದು ಚಿತ್ರ ಪರಿಶೀಲನಾಧಿಕಾರಿಗಳಿಗೆ ಮಾತ್ರ. ಅವರು ಕೂಡಲೇ ಸುತ್ತೋಲೆ ಹೊರಡಿಸಿದರು: 'ಅಸಲನ್ನು ಹಾಜರುಪಡಿಸಿ, ತಾಳೆ ನೋಡಿಸಿ, ಮುದ್ರೆ ಹಾಕಿಸಿಕೊಂಡ ನಂತರವೇ ಚಿತ್ರವನ್ನು ಮಕ್ಕಳಿಗೆ ತೋರಿಸತಕ್ಕದ್ದು.'

ಅಘನಾಶಿನಿ ದಡದ ಒಂದು ಶಾಲೆಯಲ್ಲಿ ಐದನೇ ಇಯತ್ತೆಗೆ ಇಂಗ್ಲಿಷ್ ಕಲಿಸುತ್ತಿದ್ದವರು ವನಮಾಲಾ ಅಕ್ಕೋರು. ಮೀನು ಮಾರುವ ದುರ್ಗಿಯ ಮಗಳು ಗಂಗೆ ಅಲ್ಲೇ ಓದುತ್ತಿದ್ದಳು. ಇಂಗ್ಲಿಷಿನಲ್ಲಿ ಪಾಸಾಗದಿದ್ದರೆ ಮಗಳಿಗೂ ತನ್ನ ಮೀನುಬುಟ್ಟಿಯೇ ಗತಿ ಎಂದು ದುರ್ಗಿಗೆ ಹೆದರಿಕೆ. ಹೆದರಿಕೆ ಸುಳ್ಳೇನಲ್ಲ.

ಕೊಡೆ, ಚೆಂಡು, ಗಡಿಯಾರ ಸುಲಭವಾಗಿ ಪಾಸಾದವು. ಪರಿಶೀಲನಾಧಿಕಾರಿ ಸಾಹೇಬರು ಕತ್ತೆತ್ತದೆ ಮುದ್ರೆ ಒತ್ತಿದರು. ಮೀನಿಗೆ ಮಾತ್ರ ಸೂಕ್ಷ್ಮ ಪರಿಶೀಲನೆ ಬೇಕಾಯಿತು. ದುರ್ಗಿ ಒಯ್ದ ಬಂಗಡೆಯನ್ನು ಅವರು ಮನೆಯಲ್ಲೇ ಪರಿಶೀಲಿಸಿ, ಮರುದಿನ 'ಬಾಲ ತಾಳೆಯಾಗಲಿಲ್ಲ' ಎಂದರು. ಪಾಪ್ಲೆಟಿನ ಹೊಟ್ಟೆ ತಾಳೆಯಾಗಲಿಲ್ಲ. ಇಸ್ವಾಣ ಮೀನು ಬಹುಮಟ್ಟಿಗೆ ತಾಳೆಯಾಯಿತು. ಖಚಿತಪಡಿಸಿಕೊಳ್ಳಲು ಇನ್ನೊಂದು ಬೇಕಾಯಿತು.

ಆಮೇಲೆ ಕೋಳಿಯ ಸರದಿ ಬಂತು.

"ಕೋಳಿ ಕೊಟ್ರೆ ಮಗಳಿಗೆ ಇಂಗ್ಲಿಷ್ ಬರ್ತದ್ಯಾ ಅಕ್ಕೋರೆ?" ಎಂದಳು ದುರ್ಗಿ.

"ಕೋಳಿ ಚಿತ್ರ ತೋರಿಸ್ಲಿಕ್ಕೆ ಅಪ್ಪಣೆ ಬರ್ತದೆ."

"ಆತು. ಮೊಟ್ಟೆ ಇಡೂ ಕೋಳಿ. ಸಾಹೇಬ್ರು ನೋಡ್ಕಂಡು ವಾಪಸ್ ಕೊಡ್ತಾರೆ ಅಲ್ದಾ?"

ಅಕ್ಕೋರು ಕಾಗದ ತೆಗೆದು ಮತ್ತೊಮ್ಮೆ ಓದಿದರು. ಅಸಲನ್ನು ವಾಪಸು ಕೊಡುವ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ.

ಪ್ರತಿ ಪರಿಶೀಲನೆಗೂ ಒಂದೊಂದು ಮುದ್ರೆ ಬಿದ್ದು, ಚಿತ್ರಗಳು ಶಾಲೆಗೆ ಮರಳುವ ಹೊತ್ತಿಗೆ ಕೋಳಿಯ ಪುಕ್ಕವೂ ಮೀನಿನ ರೆಕ್ಕೆಯೂ ಕಾಣುತ್ತಿರಲಿಲ್ಲ. ಕಂಡದ್ದು ಮುದ್ರೆಯ ನೇರಳೆ ಶಾಯಿಯ ಇಂಗ್ಲಿಷ್ ಅಕ್ಷರಗಳು ಮಾತ್ರ. ಅಕ್ಕೋರು ಬೇರೆ ಏನು ಮಾಡಿಯಾರು? ಕಂಡದ್ದನ್ನೇ ಓದಿಸಿದರು.

ಪರೀಕ್ಷೆಗೆ ಸಾಹೇಬರೇ ಬಂದರು. ಕೋಳಿಯ ಚಿತ್ರ ಎತ್ತಿ ಹಿಡಿದು, "ವಾಟ್ ಈಸ್ ದಿಸ್?" ಎಂದರು. ದುರ್ಗಿ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದಳು.

"ಟ್ರೂ ಕಾಪಿ!" ಎಂದಳು ಗಂಗೆ.

ಮೀನು? "ಟ್ರೂ ಕಾಪಿ!" ಎಂದು ಇಡೀ ತರಗತಿ ಕೂಗಿತು.

ಸಾಹೇಬರ ಕಣ್ಣು ಒದ್ದೆಯಾಯಿತು. ಕಾನೂನಿಗೆ ಇಷ್ಟು ಸರಿಯಾದ ಉತ್ತರವನ್ನು ತಮ್ಮ ಕಚೇರಿಯ ಗುಮಾಸ್ತರೂ ಕೊಟ್ಟಿರಲಿಲ್ಲ ಎಂದರು. ಎಲ್ಲರೂ ಪಾಸು. ದುರ್ಗಿ ಮಗಳನ್ನು ತಬ್ಬಿಕೊಂಡು ಅತ್ತಳು, ಖುಷಿಗೇ.

ಮರುವರ್ಷ ಗಂಗೆಯ ತಂಗಿ ಐದನೇ ಇಯತ್ತೆಗೆ ಬರುವವಳಿದ್ದಳು. ದುರ್ಗಿ ಎರಡು ಹೇಂಟೆ ಕೋಳಿ ಸಾಕಿದಳು.

"ಎರಡು ಎಂತಕ್ಕೆ?" ಎಂದು ನೆರೆಮನೆಯ ಮಾಸ್ತಮ್ಮ ಕೇಳಿದಳು.

"ಒಂದು ಮನೆಗೆ, ಒಂದು ಇಂಗ್ಲಿಷಿಗೆ."

ಮಾಸ್ತಮ್ಮ ನಗಲಿಲ್ಲ. ಅವಳ ಮಗನೂ ನಾಲ್ಕನೇ ಇಯತ್ತೆಯಲ್ಲಿದ್ದ. ಮರುದಿನವೇ ಹೋಗಿ ಒಂದು ಕೋಳಿಮರಿ ತಂದಳು.